ಕುಂದಾಬಾಯಿಯ ಖಾನಾಪುರದ ಎದುರಾಳಿ

ಮೆಂತ್ಯದ ಪೆಂಡಿಗೆ ಚೌಕಾಸಿ ಮಾಡುವಾಗ "ಬ್ಯಾಡ ಬಿಡು, ನಾ ಹೊಂಟೆ" ಎಂದು ಸುಳ್ಳುಸುಳ್ಳೇ ಎರಡು ಹೆಜ್ಜೆ ಹಿಂದೆ ಸರಿಯುವುದು ಕುಂದಾಬಾಯಿಯ ಹಳೆಯ ಪಟ್ಟು. ಮಾರುವವಳು ಕೂಗಿ ಕರೆಯಬೇಕು, ಇವಳು ಬೇಸರದ ಮುಖ ಮಾಡಿ ತಿರುಗಿ ಬರಬೇಕು. ಖಾಸಬಾಗದ ರವಿವಾರದ ಸಂತೆಯಲ್ಲಿ ನಲವತ್ತು ವರ್ಷ ತಪ್ಪದೆ ನಡೆದುಬಂದ ಈ ಪಟ್ಟು ಹೋದ ಕಾರ್ತಿಕದಲ್ಲಿ ಒಮ್ಮೆ ಕೈಕೊಟ್ಟಿತು. ಮಾರುವವಳು ಕರೆಯುವುದು ತುಸು ತಡವಾಯಿತು. ಕುಂದಾಬಾಯಿ ಮೂರನೆಯ ಹೆಜ್ಜೆಯನ್ನೂ ಹಿಂದಕ್ಕಿಟ್ಟಳು. ಹಿಂದೆ ಗಟಾರವಿತ್ತು.

ಬಲಗಾಲಿನ ಕೀಲಿನ ಹತ್ತಿರ ಎಲುಬು ಸೀಳಿತ್ತು. ಡಾಕ್ಟರು ಆರು ವಾರದ ಪ್ಲಾಸ್ಟರ್ ಹಾಕಿ, ಮಂಚ ಬಿಟ್ಟು ಇಳಿಯಬಾರದು ಎಂದರು. ಅರವತ್ತೆರಡು ವರ್ಷದ ಕುಂದಾಬಾಯಿ ಮಂಚದ ಮೇಲೇನೋ ಕೂತಳು, ಆದರೆ ಅವಳ ದನಿ ಕೂಡಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವಳು. ಟ್ರಂಕ್ ಕಾಲ್ ಕಾಲದಲ್ಲಿ ಬೆಳಗಾವಿಯಿಂದ ಮುಂಬಯಿಗೆ ತಂತಿಯಿಲ್ಲದೆಯೂ ಕೇಳಿಸುವಂಥ ಗಂಟಲು ಎಂದು ಆಗ ಹೆಸರಾಗಿತ್ತು. ಈಗ ಆ ಗಂಟಲು ಮಲಗುವ ಕೋಣೆಯಿಂದ ಅಡಿಗೆಮನೆ ಆಳತೊಡಗಿತು. ಒಗ್ಗರಣೆ ಹೊತ್ತುವುದು ಅವಳಿಗೆ ವಾಸನೆಯಿಂದ ಗೊತ್ತಾಗುತ್ತಿತ್ತು, ಹಾಲು ಉಕ್ಕುವುದು ಸಪ್ಪಳದಿಂದ. ನಾಲ್ಕನೆಯ ದಿನ, ರೊಟ್ಟಿ ಬಡಿಯಲು ಬರುತ್ತಿದ್ದ ಅಕ್ಕವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ನನ್ನ ರೊಟ್ಟಿಯ ಸಪ್ಪಳ ತಪ್ಪಾಗಿದೆ ಎನ್ನುವ ಮನೆಯಲ್ಲಿ ನಾನು ದುಡಿಯುವುದಿಲ್ಲ ಎಂದು ಸಾರಿದಳು.

ಸೊಸೆ ಸಾಯಲಿ ಆಸ್ಪತ್ರೆಯೊಂದರಲ್ಲಿ ಫಿಜಿಯೋಥೆರಪಿ ಮಾಡಿಸುವವಳು. ಹಟಮಾರಿ ರೋಗಿಗಳನ್ನು ಪಳಗಿಸುವುದು ಅವಳ ದಿನದ ಕೆಲಸ. ಅಕ್ಕವ್ವನನ್ನು ಹೇಗೋ ಸಮಾಧಾನ ಮಾಡಿ ಒಳಗೆ ಕಳಿಸಿ, ಎಕ್ಸರೇ ಲಕೋಟೆಯ ಬೆನ್ನ ಮೇಲೆ ಐದು ಆಟಗಳ ಹೆಸರು ಬರೆದು ಅತ್ತೆಯ ಮುಂದಿಟ್ಟಳು. ಎಲ್ಲವೂ ಫೋನಿನಲ್ಲಿ ಆಡುವಂಥವು, ಇಂಟರ್ನೆಟ್ಟಿನ ಆ ತುದಿಯಲ್ಲಿ ಯಾರೋ ಮನುಷ್ಯರೇ ಕೂತು ಎದುರಾಡುವಂಥವು. ದಾಳ ಹಾಕಿ ದೇವರ ಮೇಲೆ ಭಾರ ಬಿಡುವ ಆಟ ಒಂದೂ ಇರಲಿಲ್ಲ. ಕೈಚಳಕವೋ ತಲೆಯೋ ಇದ್ದವರಿಗಷ್ಟೇ ಗೆಲುವು. ಒಂದೇ ಷರತ್ತು, ರೊಕ್ಕ ಕಟ್ಟಿ ಆಡು ಎಂದು ಕರೆಯುವ ಆಟ ಯಾವುದು ಬಂದರೂ ಅದನ್ನು ತೆರೆಯಬಾರದು.

ಕುಂದಾಬಾಯಿಯ ಗಂಡ ಅವಧೂತರಾಯರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಲಕೋಟೆಯನ್ನು ಕನ್ನಡಕ ಏರಿಸಿ ಓದಿ, ಎಲುಬು ಮುರಿದದ್ದು ಕಾಲಿನದೋ ತಲೆಯದೋ ಎಂದು ಕೇಳಿದರು. ಆ ಮಾತಿಗಾದರೂ ಕುಂದಾಬಾಯಿ ಆಡಲೇಬೇಕಾಯಿತು.

ಮೊದಲು ಕೇರಂ. ಎಕ್ಸ್‌ಚೇಂಜಿನ ಮಹಿಳಾ ಸಿಬ್ಬಂದಿಯಲ್ಲಿ ಒಂದು ಕಾಲಕ್ಕೆ ಅವಳು ಕೇರಂ ರಾಣಿ. ಆದರೆ ಗಾಜಿನ ಮೇಲೆ ಬೆರಳು ಜಾರಿಸಿ ಹೊಡೆಯುವುದರಲ್ಲಿ ಕಟ್ಟಿಗೆಯ ಟಕ್ಕೆನ್ನುವ ಸುಖವಿಲ್ಲ. ಅಭ್ಯಾಸಬಲದಿಂದ ಫೋನಿನ ಮೇಲೆ ಪೌಡರ್ ಉದುರಿಸಿ ಸಾಯಲಿಯಿಂದ ಬೈಸಿಕೊಂಡಳು. ಎರಡನೆಯದು ಕೋಲಿನಿಂದ ಬಣ್ಣದ ಚೆಂಡುಗಳನ್ನು ತಳ್ಳುವ ಆಟ. ಆ ಮೇಜನ್ನೇ ಅವಳು ಕಂಡವಳಲ್ಲ, ಬಿಟ್ಟಳು. ಮೂರನೆಯದು ಇಂಗ್ಲಿಷ್ ಅಕ್ಷರ ಜೋಡಿಸಿ ಪದ ಕಟ್ಟುವುದು. ಅದರಲ್ಲಿ ಎದುರಿನವರು ಕಟ್ಟುವ ಪದಗಳು ಯಾವ ಭೂತಕ್ಕೂ ಗೊತ್ತಿರದಂಥವು, ಇವಳು ಕಟ್ಟಿದ ಚೊಕ್ಕ ಪದಗಳಿಗೆ ಅಂಕವೇ ಕಡಿಮೆ. ನಾಲ್ಕನೆಯದರಲ್ಲಿ ಒಬ್ಬರು ಚಿತ್ರ ಬಿಡಿಸಬೇಕು, ಉಳಿದವರು ಅದೇನೆಂದು ಹೇಳಬೇಕು. ಅವಳ ಪಾಲಿಗೆ ಬೀಸುವ ಕಲ್ಲು ಬಂತು. ಗೂಟ, ಕುಣಿ, ಸುತ್ತ ಬಿದ್ದ ಹಿಟ್ಟು ಎಲ್ಲವನ್ನೂ ಶ್ರದ್ಧೆಯಿಂದ ಬಿಡಿಸಿದಳು. ಎಲ್ಲೆಲ್ಲೋ ಕೂತಿದ್ದ ಏಳು ಜನ ಅಪರಿಚಿತರು ಒಕ್ಕೊರಲಿನಿಂದ ಅದನ್ನು ಕಕ್ಕಸು ಎಂದು ಗುರುತಿಸಿದರು. ಆ ಆಟವನ್ನೂ ಬಿಟ್ಟಳು.

ಲಕೋಟೆಯ ಕೊನೆಯ ಸಾಲಿನಲ್ಲಿ ಚದುರಂಗವಿತ್ತು.

ಚದುರಂಗ ಅವಳಿಗೆ ಸೋದರಮಾವ ಕಲಿಸಿದ್ದ, ಫ್ರಾಕು ಹಾಕುವ ವಯಸ್ಸಿನಲ್ಲಿ. ಅದು ಹಳೆಯ ಊರ ಪದ್ಧತಿ. ಪ್ಯಾದೆ, ಅಂದರೆ ಕಾಲಾಳು, ಮೊದಲ ನಡೆಗೂ ಒಂದೇ ಮನೆ ದಾಟುತ್ತಿತ್ತು. ಫೋನಿನ ಚದುರಂಗದಲ್ಲಿ ಎರಡು ಮನೆ ದಾಟಿದ ಎದುರಾಳಿಯನ್ನು ಕಂಡು ಕುಂದಾಬಾಯಿ ಕಳ್ಳನನ್ನೇ ಹಿಡಿದವಳಂತೆ ಸಾಯಲಿಯನ್ನು ಕೂಗಿ ಕರೆದಳು. ನಿಯಮ ತಿಳಿದುಕೊಳ್ಳಲು ಮೂರು ದಿನ ಹಿಡಿಯಿತು. ಐದು ನಿಮಿಷದಲ್ಲಿ ಮುಗಿಸಬೇಕಾದ ಪಂದ್ಯಗಳಲ್ಲಿ ಅವಳ ಎದೆ ಢವಢವ ಎನ್ನುತ್ತಿದ್ದುದರಿಂದ ಸಾಯಲಿ ಒಂದು ನಿಧಾನದ ಪಂದ್ಯ ಹುಡುಕಿಕೊಟ್ಟಳು. ಅದರಲ್ಲಿ ಒಂದೊಂದು ನಡೆಗೆ ಮೂರು ಮೂರು ದಿನ ಅವಕಾಶ. ಯೋಚಿಸಿ, ಊಟ ಮಾಡಿ, ಮಲಗೆದ್ದು ಆಡಬಹುದು. ಮೂರು ದಿನದೊಳಗೆ ನಡೆ ಇಡದವರು ಸೋತಂತೆ. ಹೆಸರು ಏನಿಡಲಿ ಎಂದು ಸಾಯಲಿ ಕೇಳಿದಾಗ ಕುಂದಾಬಾಯಿ "ಬೆಳಗಾವಿ ಕುಂದಾ" ಎಂದಳು. ಊರೂ ನಿಜ, ಹೆಸರೂ ನಿಜ. ಬೆಳಗಾವಿಯಲ್ಲಿ ಆ ಎರಡು ಶಬ್ದ ಜೊತೆಗೆ ಬಂದರೆ ಜನರಿಗೆ ನೆನಪಾಗುವುದು ಹಾಲಿನ ಸಿಹಿ ಎಂಬುದು ಹುಟ್ಟಿದಾಗಿನಿಂದ ಕೇಳಿದ ತಮಾಷೆ. ಅದು ಅವಳ ಕಿವಿಗೆ ಬೀಳುವುದೇ ನಿಂತುಹೋಗಿತ್ತು.

ಹೀಗೆ ಸಿಕ್ಕವನು "ಸಿದರಾಯ ಕೆ". ಹೆಸರಿನ ಪಕ್ಕದಲ್ಲಿ ಮನುಷ್ಯನ ಮುಖದ ಬದಲು ಒಂದು ಆಡಿನ ಮುಖವಿತ್ತು. ಕುಂದಾಬಾಯಿ ಆ ಆಡನ್ನು ನೋಡಿ ಸುಲಭದ ತುತ್ತು ಎಂದುಕೊಂಡಳು. ಒಂಬತ್ತು ದಿನಕ್ಕೆ ಆಡು ಅವಳನ್ನು ಮುಗಿಸಿತು. ಎರಡನೆಯ ಆಟ ಎಂಟು ದಿನ, ಮೂರನೆಯದು ಏಳು.

ಸೋಲಿಗಿಂತ ಅವಳನ್ನು ಕಾಡಿದ್ದು ಆ ಮನುಷ್ಯನ ಸ್ವಭಾವ. ಒಂದು ದಿನ ಅವನು ಹೋರಿಯಂತೆ ನುಗ್ಗುತ್ತಿದ್ದ; ಕುದುರೆ, ಒಂಟೆ ಎಲ್ಲ ಮುಂದೆ, ಮನೆ ಕಾಯಲು ಯಾರೂ ಇಲ್ಲ. ಮರುದಿನ ಅದೇ ಮನುಷ್ಯ ಅಕ್ಕಸಾಲಿಗನಂತೆ ಒಂದೊಂದು ಪ್ಯಾದೆಯನ್ನೂ ತೂಗಿ ತೂಗಿ ಇಟ್ಟು, ನಿನ್ನೆ ಕೆಡಿಸಿದ್ದನ್ನು ಸರಿಪಡಿಸಿ, ಇವಳ ಕುತ್ತಿಗೆಗೆ ಸದ್ದಿಲ್ಲದೆ ಹಗ್ಗ ಹಾಕುತ್ತಿದ್ದ. ಹೋರಿಯ ದಿನಗಳಲ್ಲಿ ನಡೆಗಳು ಹೊತ್ತಲ್ಲದ ಹೊತ್ತಿಗೆ ಬರುತ್ತಿದ್ದವು. ಅಕ್ಕಸಾಲಿಗನ ದಿನಗಳಲ್ಲಿ ಮಾತ್ರ ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ ನಾಲ್ಕೈದು ನಡೆ ಪಟಪಟ ಬಂದು, ಆಮೇಲೆ ಮೌನ. ಇದು ಮನುಷ್ಯನ ಲಕ್ಷಣವಲ್ಲ ಎಂದು ಕುಂದಾಬಾಯಿಗೆ ಅನಿಸಿತು. ದಿನ ಬಿಟ್ಟು ದಿನ ಕಂಪ್ಯೂಟರ್ ಹೇಳಿಕೊಟ್ಟದ್ದನ್ನು ಆಡುತ್ತಾನೆ ಎಂದು ತೀರ್ಮಾನಿಸಿ, ನೀವು ಯಂತ್ರದ ಸಹಾಯ ತೆಗೆದುಕೊಳ್ಳುತ್ತೀರಾ ಎಂದು ನೇರವಾಗಿ ಬರೆದು ಕೇಳಿದಳು.

ಉತ್ತರ ಮರುದಿನ ಬಂತು. "ಯಂತ್ರ ಇಲ್ರೀ. ಮೂವತ್ತೆರಡು ಆಡ ಅದಾವ."

ಈ ಉತ್ತರ ಅವಳನ್ನು ನಗಿಸಿತು. ಆಮೇಲೆ ಆಟದ ನಡುವೆ ಒಂದೊಂದು ಸಾಲು ಮಾತು ಬೆಳೆಯಿತು. ಅವರ ಊರು ಖಾನಾಪುರದ ಬಾಜೂಕ, ಹೊಳೆ ದಾಟಿದ ಮೇಲೆ. ಖಾನಾಪುರದ ಒಂದು ವಸತಿ ಶಾಲೆಯಲ್ಲಿ ವಾಚ್‌ಮನ್ ಕೆಲಸ, ಒಂದು ದಿನ ಡ್ಯೂಟಿ, ಒಂದು ದಿನ ಬಿಡುವು. ಕುಂದಾಬಾಯಿ ತನ್ನ ಕಾಲಿನ ಸುದ್ದಿ ಬರೆದ ದಿನ ಆ ಕಡೆಯಿಂದ, ಆಡಿನ ಕಾಲು ಮುರಿದರೆ ಬಿದಿರ ಸೀಳು ಕಟ್ಟಿ ಹದಿನೈದು ದಿನಕ್ಕೆ ಓಡಿಸುತ್ತೇವೆ, ನಿಮ್ಮ ಡಾಕ್ಟರಿಗೆ ಆರು ವಾರ ಯಾಕೆ ಬೇಕು ಎಂದೂ ಬಂತು. ಹನ್ನೊಂದು ಗಂಟೆಗೆ ಫೋನ್ ಕಿಣಿ ಎಂದರೆ ಕುಂದಾಬಾಯಿಯ ಮುಖ ಅರಳುವುದನ್ನು ಅವಧೂತರಾಯರು ಪೇಪರಿನ ಅಂಚಿನ ಮೇಲಿಂದ ನೋಡುತ್ತಿದ್ದರು. ಅಕ್ಕವ್ವ ಮಾತ್ರ ನೆಮ್ಮದಿಯಿಂದ ರೊಟ್ಟಿ ಬಡಿಯುತ್ತಿದ್ದಳು.

ಪ್ಲಾಸ್ಟರ್ ಬಿಚ್ಚಿದ ವಾರ ನಾಲ್ಕನೆಯ ಆಟ ನಡೆದಿತ್ತು. ಎಂಟು ದಿನ ಇಬ್ಬರೂ ಸಮಸಮ ಇದ್ದರು. ಒಂಬತ್ತನೆಯ ದಿನ ಬೆಳಿಗ್ಗೆ ಹೋರಿ ಎದ್ದಿತು. ಯೋಚನೆಯಿಲ್ಲದೆ ವಜೀರನನ್ನೇ ತಂದು ಇವಳ ಆನೆಯ ಬಾಯಿಗಿಟ್ಟಿತು. ಕುಂದಾಬಾಯಿ ಮೂರು ಸಲ ಕಣ್ಣುಜ್ಜಿ ನೋಡಿ, ಸಾಯಲಿಗೂ ತೋರಿಸಿ, ಆಮೇಲೆ ವಜೀರನನ್ನು ತೆಗೆದುಕೊಂಡಳು. ಮೊದಲ ಬಾರಿಗೆ ಗೆಲುವು ಅವಳ ಅಂಗಳದಲ್ಲಿ ನಿಂತಿತ್ತು.

ಆದರೆ ಎದುರಿನಿಂದ ನಡೆ ಬರಲಿಲ್ಲ. ಮರುದಿನ ಹನ್ನೊಂದು ಗಂಟೆಯಾಯಿತು, ಒಂದಾಯಿತು. ಅದರ ಮರುದಿನವೂ ಹಾಗೇ. ಆರಾಮ ಇದ್ದೀರಲ್ಲ ಎಂದು ಬರೆದದ್ದಕ್ಕೂ ಉತ್ತರವಿಲ್ಲ. ಪರದೆಯ ಮೂಲೆಯಲ್ಲಿ ಉಳಿದ ಗಂಟೆಗಳು ಕರಗುತ್ತಿದ್ದವು. ಇನ್ನೇನು, ಕೂತಲ್ಲೇ ಗೆದ್ದೆ ಎಂದು ಅವಧೂತರಾಯರು ಅಭಿನಂದಿಸಿದರು. ಆ ಮಾತು ಅವಳಿಗೆ ಮುಳ್ಳಿನಂತೆ ಚುಚ್ಚಿತು. ಎದುರಾಳಿ ಬಾರದ್ದಕ್ಕೆ ಸಿಗುವ ಗೆಲುವನ್ನು ಯಾರಿಗೆ ತೋರಿಸುವುದು? ಅದಕ್ಕಿಂತ ಹೆಚ್ಚಾಗಿ, ಆ ಮನುಷ್ಯನಿಗೆ ಏನಾದರೂ ಆಗಿದ್ದರೆ? ಮೂವತ್ತೆರಡು ಆಡು ಇರುವವರು ಸುಮ್ಮಸುಮ್ಮನೆ ದಿನಚರಿ ತಪ್ಪಿಸುವುದಿಲ್ಲ.

ಎಕ್ಸ್‌ಚೇಂಜಿನ ಲೈನ್‌ಮನ್ ಆಗಿದ್ದ ಗುರುಪಾದಪ್ಪ ಖಾನಾಪುರದವನು. ತಾಲೂಕಿನ ಪ್ರತಿ ಕಂಬ ಹತ್ತಿ ಪ್ರತಿ ಮನೆಯ ಹಿತ್ತಲು ಕಂಡವನು. ಕುಂದಾಬಾಯಿ ಅವನಿಗೆ ಫೋನ್ ಮಾಡಿ ಹೆಸರು, ಕೆಲಸ, ಆಡಿನ ಲೆಕ್ಕ ಮೂರನ್ನೂ ಹೇಳಿದಳು. ಹತ್ತು ನಿಮಿಷಕ್ಕೆ ಅವನೇ ತಿರುಗಿ ಮಾಡಿ, ಆ ಮನೆ ತನಗೆ ಗೊತ್ತು, ಬರುವುದಾದರೆ ಬಸ್‌ಸ್ಟ್ಯಾಂಡಿಗೆ ಆಟೋ ತರುತ್ತೇನೆ ಎಂದ. ಸಾಯಲಿ, ಕೋಲು ಬಿಡಬಾರದು, ಏರು ಹತ್ತಬಾರದು ಎಂದು ಎರಡು ಮಾತು ತೆಗೆದುಕೊಂಡು ಒಪ್ಪಿದಳು. ಜೊತೆಗೆ ಅವಧೂತರಾಯರು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ ತಯಾರಾಗಿ ನಿಂತರು. ಈ ಸಿದರಾಯ ಎಂಬವನನ್ನು ಒಮ್ಮೆ ನೋಡಬೇಕೆಂಬ ಆಸೆ ತಮಗೂ ಇದೆ ಎಂದರು. ಆಸೆ ಎನ್ನುವಾಗ ಮೀಸೆಯನ್ನು ಸ್ವಲ್ಪ ತಿದ್ದಿಕೊಂಡರು. ಬರಿಗೈಲಿ ಹೋಗಬಾರದೆಂದು ಅರ್ಧ ಕಿಲೋ ಕುಂದಾ ಕಟ್ಟಿಸಿದರು.

ಬಸ್ಸು ಖಾನಾಪುರ ಮುಟ್ಟುವಾಗ ಹನ್ನೊಂದೂವರೆ. ಆಟೋ ಮಲಪ್ರಭೆಯ ಸೇತುವೆ ದಾಟಿ, ಟಾರು ಮುಗಿದು ಕೆಂಪು ಮಣ್ಣು ಸುರುವಾದಲ್ಲಿ ಇನ್ನೂ ಎರಡು ಮೈಲು ಕುಲುಕಿ, ಒಂದು ಹೆಂಚಿನ ಮನೆಯ ಮುಂದೆ ನಿಂತಿತು. ಕುಂದಾಬಾಯಿ ಫೋನ್ ನೋಡಿದಳು. ಸಿಗ್ನಲ್ಲಿನ ಗೆರೆ ಒಂದೂ ಇಲ್ಲ. ಆಟದ ಗಡುವು ಮಧ್ಯಾಹ್ನ ಮೂರೂವರೆಗೆ.

ಪಡಸಾಲೆಯ ಹೊರಸಿನ ಮೇಲೆ ಐವತ್ತೈದರ ಒಬ್ಬ ಒಣಕಲು ಮನುಷ್ಯ ಹಗ್ಗ ಹೊಸೆಯುತ್ತ ಕೂತಿದ್ದ. ಐದು ಮಾರು ದೂರದಲ್ಲಿ, ಅವನಿಗೆ ಬೆನ್ನು ಮಾಡಿ, ಹಣೆ ತುಂಬ ಕುಂಕುಮದ ಒಬ್ಬ ಗಟ್ಟಿ ಹೆಂಗಸು ಮರಿಗೆ ಸೊಪ್ಪು ತಿನ್ನಿಸುತ್ತಿದ್ದಳು. ಇಬ್ಬರಿಗೂ ಜ್ವರವಿಲ್ಲ, ಗಾಯವಿಲ್ಲ. ಗುರುಪಾದಪ್ಪ ಆಟೋದಿಂದಲೇ, ಬೆಳಗಾವಿಯಿಂದ ಕುಂದಾ ಬಂದಿದೆ ನೋಡು ಸಿದರಾಯ ಎಂದು ಕೂಗಿದ.

ಸಿದರಾಯ ದಡಬಡಿಸಿ ಎದ್ದು, ಅವಧೂತರಾಯರ ಕೈಲಿದ್ದ ಸಿಹಿ ಪೊಟ್ಟಣವನ್ನೂ ಅವರ ಇಸ್ತ್ರಿ ಪ್ಯಾಂಟನ್ನೂ ನೋಡಿ, ಎರಡೂ ಕೈ ಜೋಡಿಸಿದ. "ಸಾವಕಾರ್ರ, ಅಂಗಡಿ ಬಿಟ್ಟ ಇಷ್ಟ ದೂರ ಬಂದ್ರಿ? ನಿಮ್ಮ ಆಟ ಭಾರಿ ಐತ್ರೀ."

ಆ ಮನೆಯ ಗಂಡ ಹೆಂಡತಿ ಇಬ್ಬರೂ ಒಂದು ತಿಂಗಳಿಂದ ತಾವು ಬೆಳಗಾವಿಯ ಒಬ್ಬ ಮಿಠಾಯಿ ಅಂಗಡಿಯವನ ಜೊತೆ ಆಡುತ್ತಿದ್ದೇವೆ ಎಂದೇ ತಿಳಿದಿದ್ದರು. ಗಲ್ಲಾಪೆಟ್ಟಿಗೆಯ ಮುಂದೆ ಕೂತವನಿಗೆ ಕಾಲು ಹೇಗೆ ಮುರಿಯಿತು ಎಂಬುದಷ್ಟೇ ಅವರಿಗೆ ಬಗೆಹರಿಯದ ವಿಷಯವಾಗಿತ್ತು. ಅವಧೂತರಾಯರು ಜನ್ಮದಲ್ಲಿ ಒಂದು ಪ್ಯಾದೆ ಮುಟ್ಟಿದವರಲ್ಲ. ಆದರೂ, ಆಡುವವಳು ನಾನಲ್ಲ, ಇವಳು ಎಂದು ಹೆಂಡತಿಯ ಕಡೆ ಕೈ ಮಾಡುವ ಮೊದಲು ಆ ಹೊಗಳಿಕೆಯನ್ನು ಒಂದು ಗಳಿಗೆ ಹಾಗೇ ಅನುಭವಿಸಿದರು. ಆ ಒಂದು ಗಳಿಗೆಯನ್ನು ಕುಂದಾಬಾಯಿ ಗಮನಿಸಿ ಇಟ್ಟುಕೊಂಡಳು.

ಕುಂದಾಬಾಯಿ ಹೊರಸಿನ ಮೇಲೆ ಕೂತು, ನಡೆ ಯಾಕೆ ಬರಲಿಲ್ಲ ಎಂದು ಕೇಳಿದಳು. ಸಿದರಾಯ ಹಗ್ಗ ನೋಡಿದ. ಹೆಂಗಸು ಮರಿಯನ್ನು ನೋಡಿದಳು. ಆಮೇಲೆ ಹೆಂಗಸು ಗಂಡನ ಕಡೆ ತಿರುಗದೆ ಬಾಯಿ ಬಿಟ್ಟಳು. "ಅವ್ರನ್ನ ಕೇಳ್ರಿ ಅಕ್ಕಾರ. ಎಂಟ ದಿನ ನಾ ಕಟ್ಟಿದ ಕೋಟಿ, ಒಂದ ಬೀಡಿ ಸೇದೂದ್ರಾಗ ಕೆಡವಿ ಬಂದಾರ."

ಆಗ ಕುಂದಾಬಾಯಿಗೆ ಹೋರಿಯೂ ಅಕ್ಕಸಾಲಿಗನೂ ಒಟ್ಟಿಗೇ ಕಂಡರು. ಮನೆಗೆ ಇದ್ದದ್ದು ಒಂದೇ ಫೋನ್. ಸಿದರಾಯನಿಗೆ ಡ್ಯೂಟಿಯಿದ್ದ ದಿನ ಅದು ಅವನ ಜೊತೆ ಖಾನಾಪುರಕ್ಕೆ ಹೋಗುತ್ತಿತ್ತು; ಶಾಲೆಯ ಗೇಟಿನಲ್ಲಿ ಕೂತು, ಬಂದವರಿಗೆ ಗೇಟು ತೆಗೆಯುತ್ತ, ಅವನು ನುಗ್ಗುತ್ತಿದ್ದ. ಬಿಡುವಿನ ದಿನ ಅವನು ರಾತ್ರಿಯ ನಿದ್ದೆ ತೀರಿಸುತ್ತಿದ್ದ. ಫೋನು ಹೆಂಡತಿ ಮಾಯವ್ವನ ಉಡಿಯಲ್ಲಿ ಆಡುಗಳ ಹಿಂದೆ ಹೋಗುತ್ತಿತ್ತು. ಸಿಗ್ನಲ್ ಸಿಗುವ ದಿನ್ನೆಗೆ ಆಡು ಮುಟ್ಟುವ ಹೊತ್ತಿಗೆ ಹನ್ನೊಂದು. ಇಳಿಯುವ ಹೊತ್ತಿಗೆ ಒಂದು. ಆಟ ಸಿದರಾಯ ಕಲಿತದ್ದು ಶಾಲೆಯ ಆಟದ ಮಾಸ್ತರರಿಂದ. ಮಾಯವ್ವ ಕಲಿತದ್ದು ಸಿದರಾಯನಿಂದ. ಆದರೆ ಅವಳು ಏಳು ವರ್ಷದವಳಿದ್ದಾಗಿನಿಂದ ದಿನ್ನೆಯ ಬಂಡೆಯ ಮೇಲೆ ಹುಲಿ-ಕುರಿ ಆಟ ಆಡಿದವಳು. ಕುರಿಗಳನ್ನು ಒಂದೊಂದಾಗಿ ಇಟ್ಟು, ಅವಸರ ಮಾಡದೆ, ಹುಲಿ ಕದಲದಂತೆ ಕಟ್ಟಿಹಾಕುವುದು ಅವಳ ರಕ್ತದಲ್ಲಿತ್ತು.

ವಜೀರ ಹೋದ ಮರುದಿನ ಬೆಳಿಗ್ಗೆ ಸಿದರಾಯ ಡ್ಯೂಟಿ ಮುಗಿಸಿ ಬಂದಾಗ ಮನೆಯಲ್ಲಿ ದೊಡ್ಡ ಮಾತಾಗಿತ್ತು. ಕೆಡಿಸಿದವರೇ ತಿದ್ದಲಿ ಎಂದು ಮಾಯವ್ವ ಫೋನನ್ನು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟಳು. ಅಷ್ಟು ಸೊಕ್ಕಿದ್ದರೆ ತಾನೂ ಮುಟ್ಟುವುದಿಲ್ಲ ಎಂದು ಸಿದರಾಯ ಡ್ಯೂಟಿಗೂ ಫೋನಿಲ್ಲದೆ ಹೋದ. ಮೂರು ದಿನದಿಂದ ನಡೆಯೂ ಇಲ್ಲ, ಮಾತೂ ಇಲ್ಲ. ಹಟಕ್ಕೆ ಮಾಯವ್ವ ಹನ್ನೊಂದಕ್ಕೆ ದಿನ್ನೆ ಹತ್ತುವುದನ್ನೂ ಬಿಟ್ಟಿದ್ದಳು.

ಮುಂದಿನ ಕಾಲು ಗಂಟೆ ಕುಂದಾಬಾಯಿ ತನ್ನ ಹಳೆಯ ನೌಕರಿಯನ್ನೇ ಮಾಡಿದಳು. ಮಾಯವ್ವ ಹೇಳಿದ್ದನ್ನು ಸಿದರಾಯನಿಗೆ ಮುಟ್ಟಿಸುವುದು, ಸಿದರಾಯ ಹೇಳಿದ್ದನ್ನು ಮಾಯವ್ವನಿಗೆ. ದಾರಿಯಲ್ಲಿ ಒಂದೆರಡು ಬಿರುಸು ಶಬ್ದಗಳು ಲೈನಿನ ಗದ್ದಲದಲ್ಲಿ ಕಳೆದುಹೋದಂತೆ ಮಾಡುವುದು. ಹೊರಸಿಗೂ ಮರಿಗೂ ನಡುವೆ ಐದೇ ಮಾರು ಇತ್ತು. ಕೊನೆಗೆ ಕುಂದಾಬಾಯಿ ತನ್ನ ದೂರನ್ನೂ ಮುಂದಿಟ್ಟಳು. "ಎರಡ ತಲಿ ಒಂದ ಕೈಲೆ ಆಡೂದು ನ್ಯಾಯ ಅಲ್ಲ ಮಾಯವ್ವಾ. ನಾ ಸೋತದ್ದು ಯಾರಿಗಂತ ನನಗ ಗೊತ್ತಾಗಬೇಕಲ್ಲ?"

ಮಾಯವ್ವ ಕೈಯಲ್ಲಿದ್ದ ಸೊಪ್ಪನ್ನು ಮರಿಯ ಮುಂದೆ ಹಾಕಿದಳು. ಹಾಗಾದರೆ ಈ ಆಟವನ್ನು ಇಲ್ಲಿಂದ ಮುಂದೆ ತಾನೊಬ್ಬಳೇ ಆಡುತ್ತೇನೆ, ವಜೀರ ಇಲ್ಲದಿದ್ದರೆ ಇಲ್ಲ ಎಂದು ಎದ್ದು ಜೋಳದ ಡಬ್ಬಿಗೆ ಕೈ ಹಾಕಿದಳು. ಫೋನು ಸತ್ತುಹೋಗಿತ್ತು. ಅದನ್ನು ಚಾರ್ಜಿಗಿಟ್ಟು, ಚಹಾ ಕುಡಿದು, ರೊಟ್ಟಿ ಪುಂಡಿಪಲ್ಯ ಉಂಡು, ಕುಂದಾ ಹಂಚಿ ಆಗುವಾಗ ಎರಡೂವರೆ ದಾಟಿತ್ತು. ಇನ್ನು ದಿನ್ನೆ ಹತ್ತಬೇಕು.

ಏರು ಹತ್ತಬಾರದು ಎಂಬ ಸಾಯಲಿಯ ಮಾತನ್ನು ಅವಧೂತರಾಯರು ನೆನಪಿಸಿದರು. ಕುಂದಾಬಾಯಿ ಇದು ಏರಲ್ಲ, ದಿನ್ನೆ ಎಂದಳು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಮಾಯವ್ವನ ಭುಜದ ಮೇಲೆ. ಹಿಂದೆ ಮುಂದೆ ಮೂವತ್ತೆರಡು ಆಡು. ನಿಂತು ನಿಂತು ಹತ್ತಿದರು. ಅವಧೂತರಾಯರು ಕೆಳಗೆ ಸಿದರಾಯನ ಜೊತೆ ಉಳಿದರು. ಗುಂಪಿಗೆ ಸೇರದ ಒಂದು ಮರಿ ಅವರ ಜೇಬಿನಿಂದ ಹೊರಗೆ ಇಣುಕುತ್ತಿದ್ದ ಬಸ್ಸಿನ ಟಿಕೇಟು ತಿಂದು, ಆಮೇಲೆ ಪ್ಯಾಂಟಿನ ಅಂಚನ್ನು ರುಚಿ ನೋಡತೊಡಗಿತು.

ಬಂಡೆ ಹತ್ತಿದಾಗ ಮೂರು ಗಂಟೆ ಹತ್ತು ನಿಮಿಷ. ಕಲ್ಲಿನ ಮೇಲೆ ಹುಲಿ-ಕುರಿ ಆಟದ ಗೆರೆಗಳು, ಎಷ್ಟೋ ತಲೆಮಾರಿನ ಬೆರಳು ಓಡಾಡಿ ಅರ್ಧ ಸವೆದಿದ್ದವು. ಮಾಯವ್ವ ಅದರ ಪಕ್ಕ ಕೂತು ಫೋನನ್ನು ಆಕಾಶಕ್ಕೆ ಹಿಡಿದಳು; ಒಂದು ಗೆರೆ ಬಂತು, ಎರಡು ಬಂತು. ಮೂರೂಕಾಲಿಗೆ ಅವಳು ತನ್ನ ರಾಜನನ್ನು ಒಂದು ಮನೆ ಬದಿಗೆ ಸರಿಸಿದಳು. ಕುಂದಾಬಾಯಿಯ ಫೋನು ಕಿಣಿ ಎಂದಿತು.

ಗಡುವಿನ ಭಯ ತಪ್ಪಿದ ಮೇಲೆ ನಿಧಾನವಾಗಿ, ನಾಳೆ ನಾಡಿದ್ದು ಆಡಬಹುದಿತ್ತು. ಆದರೆ ಹತ್ತಿದ್ದೇ ಹತ್ತಿದ್ದೇವೆ, ಮುಗಿಸಿಯೇ ಬಿಡೋಣ ಎಂದು ಇಬ್ಬರೂ ಅಂದರು. ಎರಡಡಿ ಅಂತರದಲ್ಲಿ ಕೂತ ಇಬ್ಬರು ಹೆಂಗಸರ ನಡೆ ಯಾವುದೋ ದೇಶದ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ತಿರುಗಿ ಅದೇ ಬಂಡೆಗೆ ಬರುತ್ತಿತ್ತು. ಕುಂದಾಬಾಯಿಗೆ ವಜೀರನ ಬಲವಿತ್ತು. ಮಾಯವ್ವನಿಗೆ ಅವಸರವಿರಲಿಲ್ಲ, ನಡುವೆ ಎದ್ದು ಬೇಲಿಗೆ ಬಾಯಿ ಹಾಕಿದ ಆಡಿಗೆ ಒಂದು ಕಲ್ಲು ಬೀರಿ ಬಂದು ಮತ್ತೆ ಕೂಡುತ್ತಿದ್ದಳು. ಪ್ಯಾದೆಗಳು ಒಂದೊಂದಾಗಿ ಬಿದ್ದವು. ಕೊನೆಗೆ ಮಾಯವ್ವನ ಕಡೆ ರಾಜನೊಬ್ಬನೇ ಉಳಿದು ಮೂಲೆ ಸೇರಿದ. ಮೊದಲ ಗೆಲುವಿನ ಸನಿಹದಲ್ಲಿ ಕುಂದಾಬಾಯಿಯ ಎದೆ ಮತ್ತೆ ಢವಢವ ಅನ್ನತೊಡಗಿತು. ವಜೀರನನ್ನು ಇನ್ನೊಂದು ಮನೆ ಮುಂದೆ ತಂದು, ರಾಜನಿಗೆ ಎತ್ತಲೂ ಹೆಜ್ಜೆಯಿಲ್ಲದಂತೆ ಕಟ್ಟಿ, ಕೈ ಎತ್ತಿದಳು.

ಫೋನು ಆಟ ಸಮ ಎಂದು ತೋರಿಸಿತು.

ರಾಜನಿಗೆ ಶಹ ಕೊಟ್ಟಿರಬೇಕು, ಅಂದರೆ ಅವನು ನೇರ ಹೊಡೆತಕ್ಕೆ ಸಿಕ್ಕಿರಬೇಕು. ಶಹ ಇಲ್ಲದೆ ಬರಿದೇ ದಾರಿ ಕಟ್ಟಿದರೆ ಯಾರೂ ಗೆದ್ದಂತಲ್ಲ. ಅದು ನಿಯಮ. ಕುಂದಾಬಾಯಿಗೆ ಅದು ಗೊತ್ತಿತ್ತು, ಅವಸರದಲ್ಲಿ ಮರೆತಿದ್ದಳು. ಹಣೆ ಹಣೆ ಬಡಿದುಕೊಂಡು ಇದನ್ನು ವಿವರಿಸಿದಾಗ ಮಾಯವ್ವ ಒಪ್ಪಲೇ ಇಲ್ಲ. ಅರ್ಧ ಗೆಲುವು ತನಗೆ ಬಂದಿದೆ ಎಂಬುದು ಅವಳಿಗೆ ಅವಮಾನವೆನಿಸಿತು.

"ಕದಲಾಕ ಬರದ ಹುಲಿ ಸತ್ತಂಗರೀ," ಎಂದು ಅವಳು ಬಂಡೆಯ ಗೆರೆಗಳ ಮೇಲೆ ಬೆರಳು ಬಡಿದು ತೋರಿಸಿದಳು. "ನೀವ ಗೆದ್ದೀರಿ ಅಕ್ಕಾರ. ಆ ಫೋನಿಗೇನ ತಿಳಿತೈತಿ?"

ಕುಂದಾಬಾಯಿ ನಿಯಮ ಹೇಳಿದಳು, ಮಾಯವ್ವ ನ್ಯಾಯ ಹೇಳಿದಳು. ಗೆಲ್ಲಬೇಕಾದವಳು ಗೆದ್ದಿಲ್ಲ ಎಂದೂ, ಸೋಲು ತಪ್ಪಿದವಳು ಸೋತೆ ಎಂದೂ ವಾದ ಮಾಡುತ್ತ ದಿನ್ನೆ ಇಳಿದರು. ಕೆಳಗೆ ಸಿದರಾಯ ಸುದ್ದಿ ಕೇಳಿ, ಮೊದಲೇ ವಜೀರನನ್ನು ಕಳೆದದ್ದರಿಂದಲೇ ಅಲ್ಲವೇ ಈ ಸಮ ಸಾಧ್ಯವಾದದ್ದು ಎಂದ. ಮೂರು ದಿನದಲ್ಲಿ ಮೊದಲ ಬಾರಿಗೆ ಮಾಯವ್ವ ಗಂಡನ ಮುಖ ನೋಡಿ ಮಾತಾಡಿದಳು. ಆ ಮಾತನ್ನು ಗುರುಪಾದಪ್ಪ ಇವತ್ತಿಗೂ ಯಾರಿಗೂ ಹೇಳಿಲ್ಲ, ನೆನೆಸಿಕೊಂಡು ನಗುತ್ತಾನೆ ಅಷ್ಟೇ.

ಮನೆಗೆ ಬರುವಾಗ ಕುಂದಾಬಾಯಿಯ ಕಾಲು ಬದನೆಕಾಯಿಯಂತೆ ಬಾತಿತ್ತು. ಸಾಯಲಿ ಒಂದು ವಾರ ಮಾತಿಗಿಂತ ಹೆಚ್ಚು ಕಣ್ಣಿನಿಂದ ಬೈದಳು. ಮತ್ತೆ ಎಂಟು ದಿನ ಮಂಚ.

ಅಷ್ಟರಲ್ಲಿ ಮಾಯವ್ವನ ಹೆಸರಿನಲ್ಲಿ ಬೇರೆ ಖಾತೆ ಆಯಿತು, ಸಿದರಾಯನದು ಬೇರೆ. ಈಗ ಕುಂದಾಬಾಯಿ ಹೋರಿಯನ್ನು ನಾಲ್ಕಕ್ಕೆ ಮೂರು ಸಲ ಸೋಲಿಸುತ್ತಾಳೆ. ಅಕ್ಕಸಾಲಿಗ ಮಾಯವ್ವನನ್ನು ಸೋಲಿಸುವುದು ತಿಂಗಳಿಗೊಮ್ಮೆ ಸಾಧ್ಯವಾದರೆ ಅವತ್ತು ಮನೆಯಲ್ಲಿ ಸಿಹಿ. ಮಳೆಗಾಲದಲ್ಲಿ ಒಂದು ದಿನ ಮಾಯವ್ವ ಫೋನಿನಲ್ಲಿ, ತನ್ನ ಎದುರು ಹೊಸಬನೊಬ್ಬ ಆಡಲು ಬಂದಿದ್ದಾನೆ, ಹನ್ನೊಂದೇ ನಡೆಗೆ ಸತ್ತ, ಸೋತಾಗಲೆಲ್ಲ ಯಾವುದೋ ಶ್ಲೋಕ ಬರೆದು ಕಳಿಸುತ್ತಾನೆ ಎಂದು ಹೇಳಿದಳು. ಕುಂದಾಬಾಯಿ ಪೇಪರಿನ ಹಿಂದೆ ಕೂತಿದ್ದ ಗಂಡನನ್ನು ನೋಡಿದಳು. ಪೇಪರು ತುಸು ಮೇಲೇರಿತು.

ಓಣಿಯಲ್ಲಿ ಅವಳಿಗೆ ಹೊಸದೊಂದು ಗೌರವವೂ ಬಂದಿದೆ. ಯಾವ ಆಟ ಆಡಲಿ ಎಂದು ಕೇಳಿಕೊಂಡು ಜನ ಬರುತ್ತಾರೆ. ಅವಳು ನಾಡಿ ನೋಡುವ ವೈದ್ಯರಂತೆ ಎರಡು ಪ್ರಶ್ನೆ ಕೇಳಿ ಆಟ ಹೇಳುತ್ತಾಳೆ. ಸಿಟ್ಟಿನವರಿಗೆ ಮೂರು ದಿನದ ಚದುರಂಗ. ಮಾತು ಹೆಚ್ಚಾದವರಿಗೆ ಪದ ಕಟ್ಟುವ ಆಟ. ಅತ್ತೆ ಸೊಸೆ ಒಟ್ಟಿಗೆ ಬಂದರೆ ಇಬ್ಬರನ್ನೂ ಒಂದೇ ಪಾರ್ಟಿಗೆ ಹಾಕಿ ಕೇರಂ. ಚಿತ್ರ ಬಿಡಿಸುವ ಆಟವನ್ನು ಅವಳು ಇದುವರೆಗೆ ಯಾರಿಗೂ ಹೇಳಿಲ್ಲ. ವಡಗಾವಿಯಿಂದ ಗಜಾನನ ಎಂಬ ಮಗ್ಗದ ಮಾಲೀಕ ಬಂದು, ಗೆದ್ದರೆ ರೊಕ್ಕ ಬರುವಂಥದ್ದು ಯಾವುದಾದರೂ ಇದೆಯೇ ಎಂದು ಮೆಲ್ಲಗೆ ಕೇಳಿದ್ದ. ಅವನಿಗೆ ಒಂದು ಬಟ್ಟಲು ಚಹಾ ಕೊಟ್ಟು, ಮಗ್ಗಕ್ಕೆ ವಾಪಸ್ ಕಳಿಸಿದಳು.

ಹೋದ ಶನಿವಾರ ಮಾಯವ್ವ ಕಣ್ಣು ತೋರಿಸಲು ಬೆಳಗಾವಿಗೆ ಬಂದಿದ್ದಳು. ಡಾಕ್ಟರಲ್ಲಿಂದ ನೇರವಾಗಿ ಖಾಸಬಾಗಕ್ಕೆ, ಕುಂದಾಬಾಯಿಯ ಮನೆಗೆ ಬಂದಳು. ಸಾಯಲಿ ಕಟ್ಟಿಗೆಯ ಹಾಸು, ಕಟ್ಟಿಗೆಯ ಕಾಯಿ ತಂದಿಟ್ಟಿದ್ದಳು. ಇಬ್ಬರೂ ಮೊದಲ ಸಲ ಕೈಯಿಂದ ಮುಟ್ಟಿ ಆಡಿದರು. ಕುದುರೆಯನ್ನು ಎತ್ತಿ ಹಿಡಿದು ಮಾಯವ್ವ ಅದರ ಕಿವಿ ಸವರಿ ನೋಡಿದಳು. ಕಾಯಿಗೆ ಇಷ್ಟು ತೂಕ ಇರುತ್ತದೆಂದು ತನಗೆ ಗೊತ್ತಿರಲಿಲ್ಲ ಎಂದಳು. ಇಪ್ಪತ್ತಾರನೆಯ ನಡೆಗೆ ಖಾನಾಪುರದ ಬಸ್ಸಿನ ಹೊತ್ತಾಯಿತು. ಆಟ ಅರ್ಧಕ್ಕೆ ನಿಂತಿತು, ಸರದಿ ಮಾಯವ್ವನದು.

ಆ ಹಾಸು ಇನ್ನೂ ಊಟದ ಮೇಜಿನ ಮೇಲೇ ಇದೆ. ಯಾರೂ ಮುಟ್ಟುವಂತಿಲ್ಲ, ಅಕ್ಕವ್ವ ಸುತ್ತ ಒರೆಸುತ್ತಾಳೆ, ಮನೆಮಂದಿ ತಟ್ಟೆ ಹಿಡಿದು ಪಡಸಾಲೆಯಲ್ಲಿ ಉಣ್ಣುತ್ತಾರೆ. ದಿನ್ನೆಯ ಮೇಲೆ ಎರಡು ಗೆರೆ ಬಂದ ದಿನ ಮಾಯವ್ವ ಫೋನ್ ಮಾಡಿ ನಡೆ ಹೇಳುತ್ತಾಳೆ, ಕುಂದಾಬಾಯಿ ಅವಳ ಕಾಯಿಯನ್ನು ತಾನೇ ಸರಿಸುತ್ತಾಳೆ. ನಿನ್ನೆ ಒಂಟೆ ಮುಂದೆ ಬಂದಿದೆ. ಕುಂದಾಬಾಯಿ ಇನ್ನೂ ಯೋಚನೆ ಮಾಡುತ್ತಿದ್ದಾಳೆ.